ಬೆಂಗಳೂರಿನಲ್ಲಿ ಸ್ವಂತ ಹಾಡುಗಳ ಕನ್ನಡ ರಾಕ್ ಬ್ಯಾಂಡ್ ಕಟ್ಟೋದು ಹೇಗೆ?

ಇಬ್ಬರು ಗಿಟಾರ್ ನುಡಿಸ್ತೀವಿ, ಒಬ್ಬ ಹಾಡ್ತಾನೆ, ಮೊದಲು ಕವರ್ (ಬೇರೆಯವರ ಹಾಡು) ಹಾಡಿ ಹೆಸರು ಮಾಡಿ ಆಮೇಲೆ ಸ್ವಂತ ಹಾಡಿಗೆ ಬರೋಣವಾ ಅಂತ ಕೇಳಿದ್ದೀರಿ. ಬೇಡ. ಕವರ್ ಚೆನ್ನಾಗಿ ನುಡಿಸಿದರೆ ಪಬ್‌ಗಳಿಂದ ಫೋನ್ ಬರುತ್ತಲೇ ಇರುತ್ತದೆ, ಸ್ವಲ್ಪ ದುಡ್ಡೂ ಬರುತ್ತದೆ. ಸ್ವಂತ ಹಾಡು ಮಾತ್ರ ‘ಮುಂದಿನ ತಿಂಗಳು ಮಾಡೋಣ’ ಅಂತ ಕೂತುಬಿಡುತ್ತದೆ. ನಾನು ಬಾಸ್ ಗಿಟಾರ್ ನುಡಿಸುವವನು, ಇದನ್ನು ಹತ್ತಿರದಿಂದ ನೋಡಿದ್ದೇನೆ. 1996ರಲ್ಲಿ ಇಲ್ಲೇ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ ಇಷ್ಟು ವರ್ಷ ನಿಂತಿದ್ದು ಸ್ವಂತ ಹಾಡುಗಳ ಮೇಲೆ.

ಮೊದಲು ಡ್ರಮ್ಮರ್ ಹುಡುಕಿ. ಗಿಟಾರ್ ಹಿಡಿದವರು ಈ ಊರಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಬಾಡಿಗೆ ಮನೆಯಲ್ಲಿ ಡ್ರಮ್ ಬಾರಿಸಲು ಯಾವ ಓನರ್ ಬಿಡುತ್ತಾರೆ ಹೇಳಿ? ಹಾಗಾಗಿ ಡ್ರಮ್ಮರ್‌ಗಳು ಕಡಿಮೆ, ಒಳ್ಳೆಯವರು ಆಗಲೇ ಎರಡು ಮೂರು ಬ್ಯಾಂಡ್‌ಗಳಲ್ಲಿ ಇರುತ್ತಾರೆ. ಅವರ ಬಿಡುವು ಕೇಳಿಯೇ ಜ್ಯಾಮ್ ರೂಮ್ (ಬ್ಯಾಂಡ್ ಅಭ್ಯಾಸದ ಕೋಣೆ) ಬುಕ್ ಮಾಡಿ.

ಜ್ಯಾಮ್ ರೂಮ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಟ್ಯೂನ್ ಹುಡುಕುವುದು, ಸಾಹಿತ್ಯ ತಿದ್ದುವುದು ಎಲ್ಲ ಮನೆಯಲ್ಲೇ ಮುಗಿಸಿ, ಅಲ್ಲಿ ಬರೀ ಒಟ್ಟಿಗೆ ನುಡಿಸಿ. ಎಲ್ಲರೂ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ, ಕೊನೆಗೆ ಹಾಡುವವನ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ! ಗಿಟಾರ್ ಆಂಪ್‌ನಲ್ಲಿ ತಗ್ಗು ದನಿಯ ‘ಬಾಸ್’ ನಾಬ್ ಇಳಿಸಿ. ಆ ಜಾಗ ಬಾಸ್ ಗಿಟಾರ್‌ಗೂ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್‌ಗೂ ಬೇಕು. (ಬಾಸ್‌ನವನು ಹೇಳೋದೇ ಇದು ಅಂತ ನಗಬೇಡಿ.) ಫೋನನ್ನು ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿ, ಮನೆಗೆ ಹೋಗುವಾಗ ಮೆಟ್ರೋದಲ್ಲಿ ಕೇಳಿ. ಸ್ಪೀಡ್ ಎಲ್ಲಿ ಓಡಿತು ಅಂತ ತಾನಾಗಿ ಗೊತ್ತಾಗುತ್ತದೆ.

ಕನ್ನಡ ಸಾಹಿತ್ಯದ್ದೇ ಬೇರೆ ಕೆಲಸ. ಇಂಗ್ಲಿಷ್ ಹಾಡಿನ ಟ್ಯೂನ್ ತಲೆಯಲ್ಲಿಟ್ಟುಕೊಂಡು ಬರೆದರೆ ಹ್ರಸ್ವ ಇರುವ ಕಡೆ ಎಳೆಯಬೇಕಾಗುತ್ತದೆ, ಕೇಳುವವರಿಗೆ ಬೇರೆ ಪದವೇ ಕೇಳಿಸುತ್ತದೆ. ಮೊದಲು ಸಾಲನ್ನು ಸುಮ್ನೆ ಮಾತಿನಂತೆ ಹೇಳಿ, ಮೇಜು ಬಡಿಯುತ್ತಾ ಹೇಳಿ. ಒತ್ತಕ್ಷರ ಸರಿಯಾಗಿ ಸ್ನೇರ್ ಡ್ರಮ್ಮಿನ ಹೊಡೆತದ ಮೇಲೆ ಕೂತರೆ ಸಾಲು ಎದ್ದು ನಿಲ್ಲುತ್ತದೆ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಹಾಡಿದ್ದನ್ನು ಕೇಳಿ ನೋಡಿ. ಪದ ಎಲ್ಲೂ ಮುರಿಯುವುದಿಲ್ಲ, ಗಿಟಾರ್ ಅದರ ಹಿಂದೆ ಬರುತ್ತದೆ.

ವೇದಿಕೆ ಅಂದರೆ ಬರೀ ಇಂದಿರಾನಗರ, ಕೋರಮಂಗಲದ ಪಬ್‌ಗಳು ಅಂದುಕೊಳ್ಳಬೇಡಿ. ಪಬ್‌ನಲ್ಲಿ ಲೈವ್ ಮ್ಯೂಸಿಕ್‌ಗೆ 2005ರ ಆದೇಶದ ಪ್ರಕಾರ ಪೊಲೀಸ್ ಲೈಸೆನ್ಸ್ ಬೇಕು. 2018ರಲ್ಲಿ ಇದು ಬಿಗಿಯಾದಾಗ ಎಷ್ಟೋ ಕಡೆ ಲೈವ್ ನಿಂತಿತ್ತು. ಲೈಸೆನ್ಸ್ ಇದೆಯಾ ಅಂತ ಮೊದಲೇ ಕೇಳಿಬಿಡಿ. ನನ್ನ ಕೇಳಿದರೆ ನವೆಂಬರ್‌ನ ರಾಜ್ಯೋತ್ಸವ ಪೆಂಡಾಲ್‌ಗಳೇ ಕನ್ನಡ ಬ್ಯಾಂಡಿಗೆ ಒಳ್ಳೆ ಪರೀಕ್ಷೆ. ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಎದುರಿಗೆ ಕೂತಿರುತ್ತಾರೆ. ಅಲ್ಲಿ ಗಿಟಾರ್ ಆಂಪ್ ಇರುತ್ತದೆ ಅಂತ ನಂಬಬೇಡಿ, ನೇರ ಮಿಕ್ಸರ್‌ಗೆ ಚುಚ್ಚು ಅನ್ನುತ್ತಾರೆ. ಗಿಟಾರನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್, ಎಕ್ಸ್‌ಟೆನ್ಷನ್ ಬೋರ್ಡ್, ಒಂದೆರಡು ಜಾಸ್ತಿ ಕೇಬಲ್ ನಿಮ್ಮದೇ ಇರಲಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಗಿಟಾರ್ ಗುಂಯ್ ಅನ್ನುತ್ತದೆ, ಮೈಕಿಗೆ ತುಟಿ ತಾಗಿದರೆ ಶಾಕ್ ಕೂಡ ಹೊಡೆಯಬಹುದು. ಸೌಂಡ್ ಚೆಕ್‌ನಲ್ಲೇ ನೋಡಿಕೊಳ್ಳಿ. ರಾತ್ರಿ 10ಕ್ಕೆ ಸ್ಪೀಕರ್ ಬಂದ್ ಆಗಬೇಕು, ಅದಕ್ಕೂ ಮುಂಚೆ ಸನ್ಮಾನ, ಭಾಷಣ ಎಲ್ಲ ಇರುತ್ತವೆ. ನಿಮಗೆ ಕೊಟ್ಟ ಅರ್ಧ ಗಂಟೆ ಹತ್ತೇ ನಿಮಿಷಕ್ಕೆ ಇಳಿದೀತು, ಅದಕ್ಕೇ ಗಟ್ಟಿ ಹಾಡನ್ನು ಮೊದಲು ಹಾಡಿ.

ಯೂಟ್ಯೂಬ್‌ಗೆ ಹಾಕುವ ಮುಂಚೆ ಒಂದು ಕೆಲಸ ಮಾಡಿ: ಯಾವ ಹಾಡಿನ ಸಾಹಿತ್ಯ ಯಾರದು, ಟ್ಯೂನ್ ಯಾರದು, ದುಡ್ಡು ಬಂದರೆ ಯಾರಿಗೆಷ್ಟು, ಯಾರಾದರೂ ಬಿಟ್ಟುಹೋದರೆ ಆ ಹಾಡನ್ನು ಉಳಿದವರು ಹಾಡಬಹುದಾ ಅಂತ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಗೆಳೆಯರ ಮಧ್ಯೆ ಇದೆಲ್ಲ ಯಾಕೆ ಅಂತ ಯಾರಾದರೂ ಅಂದರೆ, ಅವರದ್ದೇ ಮೊದಲ ಸಹಿ ಹಾಕಿಸಿ.