48 ತಂಡಗಳಲ್ಲಿ ಯಾವುದನ್ನು ನೋಡಲಿ, ಯಾರ ಮೇಲೆ ಕಣ್ಣಿಡಲಿ?

ನೀವು ಕೇಳಿದ್ದು ಇಷ್ಟು: ಕ್ರಿಕೆಟ್ ನೋಡಿಕೊಂಡೇ ಬೆಳೆದವನು, 2026ರ ಜೂನ್‌ನಲ್ಲಿ ಮೊದಲ ಸಲ ಫುಟ್‌ಬಾಲ್ ವಿಶ್ವಕಪ್ ಪೂರ್ತಿ ನೋಡೋಣ ಅಂತಿದ್ದೀನಿ, ಮೆಸ್ಸಿ, ರೊನಾಲ್ಡೊ, ಎಂಬಾಪೆ ಬಿಟ್ಟರೆ ಯಾರೂ ಗೊತ್ತಿಲ್ಲ, ಯಾವ ತಂಡ ನೋಡಲಿ, ಯಾವ ಆಟಗಾರನ ಮೇಲೆ ಕಣ್ಣಿಡಲಿ? ಜೊತೆಗೆ ಆಫೀಸಿನಲ್ಲಿ ಸೆಮಿಫೈನಲ್ ತಲುಪುವ ನಾಲ್ಕು ತಂಡಗಳ ಹೆಸರು ಬರೆದು ಕೊಡಬೇಕಂತೆ.

ನಾನು ಹಲಸೂರಿನವನು. ನಮ್ಮ ಮನೆಯಿಂದ ನಡೆದುಕೊಂಡೇ ಹೋಗುವಷ್ಟು ಹತ್ತಿರ ಗೌತಮಪುರ. ಮಿನಿ ಬ್ರೆಜಿಲ್ ಅಂತ ಕರೆಯುತ್ತಾರಲ್ಲ, ಅದೇ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆ ಪ್ರತಿಮೆಯನ್ನೂ ಇಟ್ಟುಕೊಂಡಿರುವ ಏರಿಯಾ. 2014ರ ಸೆಮಿಫೈನಲ್ ನಾನು ನೋಡಿದ್ದು ಅಲ್ಲೇ, ರಸ್ತೆಗೆ ಅಡ್ಡಲಾಗಿ ಕಟ್ಟಿದ ಪರದೆಯ ಮುಂದೆ, ರಾತ್ರಿ ಒಂದೂವರೆಗೆ. ನೇಮಾರ್‌ಗೆ ಬೆನ್ನುಮೂಳೆ ಪೆಟ್ಟಾಗಿತ್ತು. ಪಂದ್ಯಕ್ಕೆ ಮೊದಲು ರಾಷ್ಟ್ರಗೀತೆ ಹಾಡುವಾಗ ಬ್ರೆಜಿಲ್‌ನವರು ಅವನ ಜರ್ಸಿಯನ್ನು ಎತ್ತಿ ಹಿಡಿದು ನಿಂತರು. ನಮ್ಮಲ್ಲಿ ಎಷ್ಟೋ ಜನ ಅದನ್ನು ನೋಡಿ ಕಣ್ಣೀರು ಹಾಕಿದರು. 29ನೇ ನಿಮಿಷಕ್ಕೆ ಜರ್ಮನಿ 5, ಬ್ರೆಜಿಲ್ 0. ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ವಯಸ್ಸಾದವರೊಬ್ಬರು ಹೆಗಲ ಮೇಲಿದ್ದ ಹಳದಿ ಟವೆಲ್ ತೆಗೆದು, ನೀಟಾಗಿ ನಾಲ್ಕು ಮಡಿಕೆ ಮಾಡಿ ತೊಡೆ ಮೇಲೆ ಇಟ್ಟುಕೊಂಡರು. ಎದ್ದು ಹೋಗಲಿಲ್ಲ. 7-1 ಆಗುವ ತನಕ ಕೂತೇ ಇದ್ದರು.

ಆ ರಾತ್ರಿ ನಾನು ಕಲಿತದ್ದನ್ನೇ ನಿಮಗೆ ಹೇಳುತ್ತೇನೆ. ವಿಶ್ವಕಪ್‌ಗೆ ಮೊದಲು ತಂಡ ಅಳೆಯಬೇಕಾದರೆ ದೊಡ್ಡ ಹೆಸರು ಎಷ್ಟಿವೆ ಅಂತ ಎಣಿಸಬೇಡಿ. ಆ ಹನ್ನೊಂದು ಜನ ಎಷ್ಟು ಕಾಲದಿಂದ ಒಟ್ಟಿಗೆ ಆಡಿದ್ದಾರೆ, ಕೋಚ್ ಯಾವಾಗಿನಿಂದ ಇದ್ದಾನೆ ನೋಡಿ. ಕ್ರಿಕೆಟ್‌ನಲ್ಲಿ ನಮ್ಮ ರಾಷ್ಟ್ರೀಯ ತಂಡ ವರ್ಷದಲ್ಲಿ ತಿಂಗಳುಗಟ್ಟಲೆ ಜೊತೆಯಲ್ಲೇ ಇರುತ್ತೆ. ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಆಟಗಾರರು ವರ್ಷವೆಲ್ಲ ಕ್ಲಬ್‌ಗಳ ಆಳು. ದೇಶದ ಕೋಚ್‌ಗೆ ಅವರು ಸಿಗೋದು ಒಂದು ಸಲಕ್ಕೆ ಹತ್ತು ದಿನ, ಅದೂ ವರ್ಷಕ್ಕೆ ನಾಲ್ಕೈದು ಸಲ. ಅಷ್ಟರಲ್ಲಿ ಹೊಸದಾಗಿ ಏನೂ ಕಲಿಸಲು ಆಗಲ್ಲ. ಅದಕ್ಕೇ ಮೊದಲೇ ಪರಸ್ಪರ ಗೊತ್ತಿರುವವರು ಗೆಲ್ಲುತ್ತಾರೆ. 2010ರ ಫೈನಲ್‌ನಲ್ಲಿ ಸ್ಪೇನ್ ಇಳಿಸಿದ ಹನ್ನೊಂದರಲ್ಲಿ ಪಿಕೆ, ಪುಯೋಲ್, ಬುಸ್ಕೆಟ್ಸ್, ಶಾವಿ, ಇನಿಯೆಸ್ತಾ, ಪೆಡ್ರೊ, ಆರೂ ಜನ ಬಾರ್ಸಿಲೋನಾ ಕ್ಲಬ್ಬಿನವರು. ಬ್ರೆಜಿಲ್‌ಗೆ ಏಳು ಹಾಕಿ ಕಪ್ ಗೆದ್ದ 2014ರ ಜರ್ಮನಿಯ ಫೈನಲ್ ತಂಡದಲ್ಲಿ ಬೇಯರ್ನ್ ಮ್ಯೂನಿಕ್‌ನವರು ಆರು ಜನ.

ಇದು ಚಿಕ್ಕ ಮೈದಾನದಲ್ಲೂ ಕಾಣಿಸುತ್ತೆ. ಕೆಲವು ವರ್ಷದ ಹಿಂದೆ ನಮ್ಮ ಕಂಪನಿ ಟೀಮ್‌ನಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಆಗಿ ಆಡಿದ್ದೆ. ಬೇರೆ ಬೇರೆ ಬ್ರಾಂಚ್‌ಗಳಿಂದ ಆರಿಸಿ ತಂದ ಒಳ್ಳೊಳ್ಳೆ ಹುಡುಗರು, ಒಂದೇ ಒಂದು ಪ್ರಾಕ್ಟೀಸ್. ಎದುರಿಗೆ ಆಸ್ಟಿನ್ ಟೌನ್ ಕಡೆಯ ಒಂದೇ ಬೀದಿಯ ಹುಡುಗರು. ಬಾಲ್ ಕಾಲಿಗೆ ಬಂದ ಮೇಲೆ ನಮ್ಮವರು ತಲೆ ಎತ್ತಿ, ಯಾರಿಗೆ ಕೊಡಲಿ ಅಂತ ಹುಡುಕುತ್ತಿದ್ದರು. ಅವರ ಸ್ಟಾಪರ್, ಅಂದರೆ ಹಿಂದೆ ನಡುವಿನಲ್ಲಿ ನಿಲ್ಲುವ ಡಿಫೆಂಡರ್, ಹುಡುಕುತ್ತಿರಲಿಲ್ಲ. ಖಾಲಿ ಜಾಗಕ್ಕೆ ಬಾಲ್ ಬಿಡುತ್ತಿದ್ದ. ಅದು ಅಲ್ಲಿಗೆ ಸೇರುವ ಹೊತ್ತಿಗೆ ಅವರ ವಿಂಗರ್ (ಅಂಚಿನಲ್ಲಿ ಓಡುವ ಆಟಗಾರ) ನನ್ನನ್ನು ದಾಟಿ ಹೋಗಿರುತ್ತಿದ್ದ. ಒಬ್ಬೊಬ್ಬರನ್ನೇ ತೂಗಿದರೆ ನಾವು ಅವರಿಗಿಂತ ಕಡಿಮೆ ಇರಲಿಲ್ಲ. 4-0 ಸೋತೆವು.

ಈ ಲೆಕ್ಕ ಇಟ್ಟುಕೊಂಡು ನೋಡಿದರೆ ನನಗೆ ಮೊದಲು ಕಾಣೋದು ಸ್ಪೇನ್. ಕೋಚ್ ಲೂಯಿಸ್ ದೆ ಲಾ ಫುಯೆಂತೆ ಹಿರಿಯರ ತಂಡಕ್ಕೆ ಬರುವ ಮೊದಲು ಸ್ಪೇನಿನ ಕಿರಿಯರ ತಂಡಗಳನ್ನೇ ನೋಡಿಕೊಂಡವರು. 2015ರಲ್ಲಿ 19 ವರ್ಷದೊಳಗಿನವರ ಯುರೋ (ಯುರೋಪಿನ ದೇಶಗಳ ಕಪ್), 2019ರಲ್ಲಿ 21 ವರ್ಷದೊಳಗಿನವರ ಯುರೋ, ಎರಡನ್ನೂ ಗೆದ್ದುಕೊಟ್ಟರು. ರೊದ್ರಿ, ಮೆರಿನೊ, ಗೋಲ್‌ಕೀಪರ್ ಉನಾಯ್ ಸಿಮೋನ್, ಫ್ಯಾಬಿಯನ್, ಒಲ್ಮೊ, ಓಯರ್ಝಬಾಲ್ ಇವರನ್ನೆಲ್ಲ ಮೀಸೆ ಚಿಗುರುವ ವಯಸ್ಸಿನಿಂದ ಬಲ್ಲವರು. 2024ರ ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 86ನೇ ನಿಮಿಷಕ್ಕೆ ಗೆಲುವಿನ ಗೋಲ್ ಹೊಡೆದದ್ದು ಬೆಂಚಿನಿಂದ ಎದ್ದು ಬಂದ ಓಯರ್ಝಬಾಲ್. ಲಮೀನ್ ಯಮಾಲ್ ಹೆಸರು ಈಗಾಗಲೇ ನಿಮ್ಮ ಕಿವಿಗೆ ಬಿದ್ದಿರಬಹುದು. ಆ ಫೈನಲ್‌ನ ಹಿಂದಿನ ದಿನ ಅವನಿಗೆ 17 ತುಂಬಿತ್ತು. ಬಲಗಡೆ ಗೆರೆಗೆ ಅಂಟಿಕೊಂಡು ನಿಂತಿರುತ್ತಾನೆ, ಎಡಗಾಲಿನಿಂದ ಒಳಕ್ಕೆ ತಿರುಗುತ್ತಾನೆ. ಎಲ್ಲರಿಗೂ ಗೊತ್ತು, ಆದರೂ ತಡೆಯಲು ಆಗಲ್ಲ. ಆದರೆ ನೀವು ಹೊಸಬರು. ಒಂದು ಪಂದ್ಯದಲ್ಲಾದರೂ ಯಮಾಲ್‌ನನ್ನು ಬಿಟ್ಟು ರೊದ್ರಿಯನ್ನೇ ನೋಡಿ. ಮೈದಾನದ ನಡುಮಧ್ಯೆ, ಓಡುವುದಕ್ಕಿಂತ ನಡೆಯುವುದೇ ಹೆಚ್ಚು ಅನ್ನಿಸುತ್ತೆ. ಬಾಲ್ ಬರುವ ಮೊದಲು ಎರಡು ಸಲ ಭುಜದ ಹಿಂದೆ ತಿರುಗಿ ನೋಡುತ್ತಾನೆ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ 2024ರಲ್ಲಿ ಅವನಿಗೆ ಸಿಕ್ಕಿದ್ದು ಈ ಕೆಲಸಕ್ಕೆ.

ಫ್ರಾನ್ಸ್ ವಿಷಯದಲ್ಲಿ ಹೆಸರೂ ಇವೆ, ಹಳೆಯ ಕೋಚೂ ಇದ್ದಾನೆ. ದಿದಿಯೆ ದೆಶಾಂ 2012ರಿಂದ ಇದ್ದಾರೆ. 2018ರಲ್ಲಿ ಗೆದ್ದರು, 2022ರಲ್ಲಿ ಫೈನಲ್ ತಲುಪಿದರು, ಈ ವಿಶ್ವಕಪ್ ಮುಗಿದ ಮೇಲೆ ಬಿಡುತ್ತೇನೆ ಅಂತ ಹೇಳಿಬಿಟ್ಟಿದ್ದಾರೆ. ಎಂಬಾಪೆ ಎರಡೇ ವಿಶ್ವಕಪ್‌ನಲ್ಲಿ 12 ಗೋಲ್ ಹೊಡೆದವನು. ದಾಖಲೆ ಜರ್ಮನಿಯ ಕ್ಲೋಸ ಹೆಸರಿನಲ್ಲಿದೆ, 16. ಇವರ ಗುಂಪು ಮಾತ್ರ ಕಠಿಣ: ಸೆನೆಗಲ್ ಇದೆ, ನಾರ್ವೆ ಇದೆ. 2002ರಲ್ಲಿ ಹಾಲಿ ಚಾಂಪಿಯನ್ ಫ್ರಾನ್ಸನ್ನು ಮೊದಲ ಪಂದ್ಯದಲ್ಲೇ 1-0 ಸೋಲಿಸಿದ್ದು ಇದೇ ಸೆನೆಗಲ್.

ನಾರ್ವೆ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1998ರ ನಂತರ ಈಗಲೇ ಅವರು ವಿಶ್ವಕಪ್‌ಗೆ ಬರುತ್ತಿರುವುದು. ಅರ್ಹತಾ ಸುತ್ತಿನಲ್ಲಿ ಎಂಟಕ್ಕೆ ಎಂಟೂ ಗೆದ್ದರು, ಇಟಲಿಯನ್ನು ಅವರ ನೆಲದಲ್ಲೇ 4-1ರಿಂದ ಹೊಡೆದರು. ಗೋಲ್ ಹೊಡೆಯುವ ಸ್ಟ್ರೈಕರ್ ಹಾಲಂಡ್ ಒಬ್ಬನೇ ಆ ಎಂಟು ಪಂದ್ಯಗಳಲ್ಲಿ 16 ಗೋಲ್. ಅವನ ಅಪ್ಪ 1994ರ ವಿಶ್ವಕಪ್ ಆಡಿದ್ದು, ಈ ಸಲದ ಆತಿಥೇಯರಲ್ಲಿ ಒಂದಾದ ಇದೇ ಅಮೆರಿಕದಲ್ಲಿ. ಹಾಲಂಡ್‌ನನ್ನು ಟಿವಿಯಲ್ಲಿ ನೋಡುವಾಗ ಬಾಲ್ ಹಿಂದೆ ಹೋಗಬೇಡಿ, ಅವನ ಹಿಂದೆ ಹೋಗಿ. ಡಿಫೆಂಡರ್‌ನ ಕಣ್ಣಿಗೆ ಬೀಳದ ಹಾಗೆ ಅವನ ಬೆನ್ನ ಹಿಂದಕ್ಕೆ ಜಾರಿ ನಿಂತುಕೊಳ್ಳುತ್ತಾನೆ. ಪಾಸ್ ಕೊಡುವ ಜೊತೆಗಾರ ಒಡೆಗೋರ್ ತಲೆ ಎತ್ತಿದ ಕ್ಷಣ ಮುಂದಕ್ಕೆ ನುಗ್ಗುತ್ತಾನೆ.

ಅರ್ಜೆಂಟೀನಾಕ್ಕೆ ಸ್ಕಲೋನಿ 2018ರಿಂದ ಕೋಚ್. 2021 ಮತ್ತು 2024ರ ಕೋಪಾ ಅಮೆರಿಕಾ (ದಕ್ಷಿಣ ಅಮೆರಿಕದ ಕಪ್), ನಡುವೆ 2022ರ ವಿಶ್ವಕಪ್ ಗೆದ್ದರು. ಜೂನ್ 24ಕ್ಕೆ ಮೆಸ್ಸಿಗೆ 39 ತುಂಬುತ್ತೆ. ಪೂರ್ತಿ 90 ನಿಮಿಷ ಅವನಿಂದ ನಿರೀಕ್ಷಿಸಬೇಡಿ. ಹೂಲಿಯನ್ ಆಲ್ವಾರೆಝ್, ಮ್ಯಾಕ್ ಆಲಿಸ್ಟರ್, ಎಂಜೊ ಫರ್ನಾಂಡೆಝ್ ಅವನ ಪಾಲಿನ ಓಟವನ್ನೂ ಸೇರಿಸಿ ಓಡುವುದನ್ನು ನೋಡಿ. ಇನ್ನೊಂದು ವಿಷಯ ನೆನಪಿರಲಿ. ಆ 2022ರ ಕತಾರ್ ವಿಶ್ವಕಪ್‌ನಲ್ಲಿ ಇವರು ಮೊದಲ ಪಂದ್ಯ ಸೌದಿ ಅರೇಬಿಯಾ ಎದುರು 2-1 ಸೋತಿದ್ದರು. ಮೊದಲ ಪಂದ್ಯ ಸೋತ ತಂಡವನ್ನು ನಿಮ್ಮ ಪಟ್ಟಿಯಿಂದ ಅವಸರವಾಗಿ ಹೊಡೆದುಹಾಕಬೇಡಿ. ಈ ಸಲವಂತೂ ಆ ಅವಸರ ಬೇಡವೇ ಬೇಡ. ನಾಲ್ಕು ತಂಡಗಳ 12 ಗುಂಪು, ಪ್ರತಿ ಗುಂಪಿನಲ್ಲಿ ಮೊದಲೆರಡು ಸ್ಥಾನದವರ ಜೊತೆಗೆ ಮೂರನೇ ಸ್ಥಾನದವರಲ್ಲಿ ಚೆನ್ನಾಗಿ ಆಡಿದ ಎಂಟು ತಂಡಗಳೂ ಮುಂದೆ ಹೋಗುತ್ತವೆ. ಇಂಥದೇ ನಿಯಮವಿದ್ದ 2016ರ ಯುರೋದಲ್ಲಿ ಪೋರ್ಚುಗಲ್ ಗುಂಪಿನ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಮೂರನೇ ಸ್ಥಾನದಲ್ಲಿ ತೇರ್ಗಡೆಯಾಗಿ, ಕೊನೆಗೆ ಕಪ್ಪನ್ನೇ ಎತ್ತಿತು.

ಪೋರ್ಚುಗಲ್ ಅಂದರೆ ನಿಮಗೆ ರೊನಾಲ್ಡೊ. 41ನೇ ವಯಸ್ಸಿನಲ್ಲಿ ಆರನೇ ವಿಶ್ವಕಪ್, ಸಣ್ಣ ಮಾತಲ್ಲ. ಆದರೆ ನಾನು ಈ ತಂಡವನ್ನು ಗೆಲ್ಲುವವರ ಸಾಲಿನಲ್ಲಿ ಇಡುವುದು ವಿತಿನ್ಯ, ಜೊವಾವ್ ನೆವೆಸ್, ನೂನೊ ಮೆಂಡೆಸ್ ಕಾರಣಕ್ಕೆ. ಮೂವರೂ ಪಿಎಸ್‌ಜಿ ಕ್ಲಬ್ಬಿನಲ್ಲಿ ಒಟ್ಟಿಗೆ ಆಡಿ, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2025ರ ಫೈನಲ್‌ನಲ್ಲಿ ಇಂಟರ್ ತಂಡವನ್ನು 5-0 ಸೋಲಿಸಿದವರು. ಅದಾದ ಮರುವಾರವೇ ದೇಶಕ್ಕೆ ಆಡಿ, ಸ್ಪೇನನ್ನು ಪೆನಾಲ್ಟಿಯಲ್ಲಿ ಮಣಿಸಿ, ಯುರೋಪಿನ ದೇಶಗಳ ಇನ್ನೊಂದು ಟೂರ್ನಿಯಾದ ನೇಷನ್ಸ್ ಲೀಗ್ ಗೆದ್ದರು. ಆಸ್ಟಿನ್ ಟೌನ್ ಹುಡುಗರ ಕಥೆ ಹೇಳಿದೆನಲ್ಲ, ಇವರು ಅವರ ಥರದವರು. ಅದೇ ಬೇಸಿಗೆಯಲ್ಲಿ, 2025ರ ಜುಲೈನಲ್ಲಿ, ಜೊತೆಗಾರ ಡಿಯೊಗೊ ಜೊಟ ಕಾರ್ ಅಪಘಾತದಲ್ಲಿ ತೀರಿಕೊಂಡ. ಆ ನೋವನ್ನೂ ಹೊತ್ತುಕೊಂಡೇ ಇವರು ಇಲ್ಲಿಗೆ ಬರುತ್ತಿರುವುದು.

ಇಂಗ್ಲೆಂಡ್ ಅರ್ಹತಾ ಸುತ್ತಿನ ಎಂಟೂ ಪಂದ್ಯ ಗೆದ್ದಿದೆ, ಒಂದು ಗೋಲನ್ನೂ ಬಿಟ್ಟುಕೊಟ್ಟಿಲ್ಲ. ಕೋಚ್ ಟುಖೆಲ್, ನಾಯಕ ಕೇನ್ ಬೇಯರ್ನ್‌ನಲ್ಲಿ ಜೊತೆಗಿದ್ದವರು. 1966ರ ನಂತರ ಕಪ್ ಇಲ್ಲ ಅನ್ನುವ ಭಾರ ಅವರ ಕಾಲಿಗೆ ಯಾವಾಗ ಬೇಕಾದರೂ ತೊಡರಬಹುದು.

ಇನ್ನು ಬ್ರೆಜಿಲ್. ನನ್ನ ತಂಡ. ಪ್ರೀತಿ ಇದೆ ಅಂತ ಸುಳ್ಳು ಹೇಳಲಾರೆ. ಕತಾರ್‌ನಿಂದ ಈಚೆಗೆ ರಮೋನ್ ಮೆನೆಝೆಸ್, ದಿನಿಝ್, ದೊರಿವಾಲ್ ಆಗಿ, 2025ರ ಮೇನಲ್ಲಿ ಆಂಚೆಲೊಟ್ಟಿ ಬಂದರು. ಮೂರು ವರ್ಷದೊಳಗೆ ನಾಲ್ಕು ಕೋಚ್. ದಕ್ಷಿಣ ಅಮೆರಿಕದ ಅರ್ಹತಾ ಸುತ್ತಿನಲ್ಲಿ ಆರು ಪಂದ್ಯ ಸೋತು ಐದನೇ ಸ್ಥಾನಕ್ಕೆ ಇಳಿದರು. ಅರ್ಜೆಂಟೀನಾ 4-1 ಬಾರಿಸಿತು. ಕಾಲಿನಲ್ಲಿ ಕಲೆ ಇರುವ ಹುಡುಗರು ಯಾವತ್ತಿನ ಹಾಗೆ ಸಾಲುಸಾಲಾಗಿ ಇದ್ದಾರೆ, ವಿನೀಶಿಯಸ್ ಇದ್ದಾನೆ. ಆದರೆ ಅವರು ಇನ್ನೂ ಒಬ್ಬರನ್ನೊಬ್ಬರು ಹುಡುಕುತ್ತಿದ್ದಾರೆ. ಟೋಕಿಯೊದಲ್ಲಿ ಜಪಾನ್ ಎದುರು 2-0 ಮುಂದಿದ್ದು, ಕೊನೆಗೆ 3-2 ಸೋತಾಗ ನನಗೆ ಅನ್ನಿಸಿದ್ದು ಅದೇ. ಆ ಜಪಾನನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊರಿಯಾಸು 2018ರಿಂದ ಕೋಚ್. ಕತಾರ್‌ನಲ್ಲಿ ಜರ್ಮನಿ, ಸ್ಪೇನ್ ಎರಡನ್ನೂ ಸೋಲಿಸಿದವರು.

ಬ್ರೆಜಿಲ್‌ನ ಮೊದಲ ಪಂದ್ಯ ಮೊರಾಕ್ಕೊ ಎದುರು. ಒಂದೇ ಒಂದು ಪಂದ್ಯ ನೋಡಿ ಫುಟ್‌ಬಾಲ್ ಇಷ್ಟವಾಗುತ್ತೋ ಇಲ್ಲವೋ ತಿಳಿಯಬೇಕು ಅಂದರೆ ಇದನ್ನೇ ನೋಡಿ. ನಮ್ಮ ಲೆಕ್ಕಕ್ಕೆ ಜೂನ್ 14, ಭಾನುವಾರ ನಸುಕಿನಲ್ಲಿ. ಕತಾರ್‌ನಲ್ಲಿ ಸ್ಪೇನ್, ಪೋರ್ಚುಗಲ್ ಎರಡನ್ನೂ ಹೊರಹಾಕಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ದೇಶ ಮೊರಾಕ್ಕೊ. ಆ ತಂಡದ 26 ಜನರಲ್ಲಿ 14 ಜನ ಹುಟ್ಟಿದ್ದು ಮೊರಾಕ್ಕೊದ ಹೊರಗೆ. ಬಲಗಡೆಯ ಡಿಫೆಂಡರ್ ಹಕೀಮಿ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ. ಅವನ ಎದುರಿಗೆ ಬ್ರೆಜಿಲ್‌ನ ಎಡಗಡೆ ವಿನೀಶಿಯಸ್ ಬಂದರೆ, ಬೇರೆ ಇಪ್ಪತ್ತು ಜನರನ್ನು ಮರೆತು ಆ ಇಬ್ಬರನ್ನೇ ನೋಡುತ್ತಾ ಕೂರಬಹುದು.

ಚಿಕ್ಕ ದೇಶಗಳಲ್ಲಿ ಕೆರಿಬಿಯನ್ ದ್ವೀಪ ಕುರಸಾವ್ ಇದೆ. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ವಿಶ್ವಕಪ್‌ಗೆ ಬಂದವರಲ್ಲೇ ಅತಿ ಚಿಕ್ಕ ದೇಶ. ಕೇಪ್ ವರ್ಡ್, ಜೋರ್ಡಾನ್, ಉಜ್ಬೇಕಿಸ್ತಾನ್ ಕೂಡ ಮೊದಲ ಸಲ. ಉಜ್ಬೇಕಿಸ್ತಾನ್ ನೋಡಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತೆ. 2023ರಲ್ಲಿ 20 ವರ್ಷದೊಳಗಿನವರ ಏಷ್ಯನ್ ಕಪ್ ಗೆದ್ದರು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಆಡಿದರು, ಈಗ ಇಲ್ಲಿಗೆ ಬಂದರು. ಹುಡುಗರನ್ನು ಒಟ್ಟಿಗೆ ಬೆಳೆಸಿದರು, ಮೇಲೆ ತಂದರು. ಏಷ್ಯಾಕ್ಕೆ ಈ ಸಲ ನೇರವಾಗಿ ಎಂಟು ಸ್ಥಾನ ಸಿಕ್ಕಿತ್ತು. ಆದರೂ ನಾವು ಎರಡನೇ ಸುತ್ತಿನಲ್ಲೇ ಹೊರಬಿದ್ದೆವು. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ನಮ್ಮ ನಾಯಕ ಸುನಿಲ್ ಛೆಟ್ರಿಯ 150ನೇ ಪಂದ್ಯ, ಗೋಲನ್ನೂ ಹೊಡೆದ, ಅಫ್ಗಾನಿಸ್ತಾನದ ಎದುರು 2-1 ಸೋತೆವು. ಕಂಠೀರವದಲ್ಲಿ ಮಳೆಯಲ್ಲಿ ನೆನೆದುಕೊಂಡು ಅವನ ಹ್ಯಾಟ್ರಿಕ್ ನೋಡಿದವನು ನಾನು. ಆ ಸೋಲು ಇನ್ನೂ ಮರೆತಿಲ್ಲ.

ಸಮಯದ ಬಗ್ಗೆ: ಉದ್ಘಾಟನಾ ಪಂದ್ಯ ಮೆಕ್ಸಿಕೊ ಸಿಟಿಯಲ್ಲಿ, ನಮಗೆ ಜೂನ್ 11 ಮುಗಿದು 12 ಶುರುವಾಗುವ ಮಧ್ಯರಾತ್ರಿ 12:30. ಫೈನಲ್ ಜುಲೈ 20, ಅದೂ 12:30ಕ್ಕೇ. ಕೆಲವು ಪಂದ್ಯಗಳು ಬೆಳಗ್ಗೆ ಆರೂವರೆಗೆ, ಕಾಫಿ ಕುಡಿಯುತ್ತಾ ನೋಡಬಹುದು. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಮೇಲಿದೆ, ನಮ್ಮ ಬೆಂಗಳೂರಿನ ಎರಡು ಪಟ್ಟಿಗೂ ಹೆಚ್ಚು ಎತ್ತರ. ಅಲ್ಲಿ ಆಡುವವರು 60ನೇ ನಿಮಿಷಕ್ಕೇ ಏದುಸಿರು ಬಿಟ್ಟರೆ ಆಶ್ಚರ್ಯ ಪಡಬೇಡಿ. ಬೆಂಚಿನಿಂದ ಯಾರು ಬರುತ್ತಾರೆ ಅನ್ನುವುದರ ಬೆಲೆ ಅಲ್ಲಿ ಗೊತ್ತಾಗುತ್ತೆ.

ಆಫೀಸಿನ ಚೀಟಿಗೆ ಬರುವುದಾದರೆ, ಬರೆಯುವ ಮುನ್ನ ವೇಳಾಪಟ್ಟಿ ತೆರೆದಿಟ್ಟುಕೊಳ್ಳಿ. ಅರ್ಜೆಂಟೀನಾ, ಪೋರ್ಚುಗಲ್ ಎರಡೂ ಗುಂಪಿನಲ್ಲಿ ಮೊದಲು ಬಂದು ಗೆಲ್ಲುತ್ತಾ ಹೋದರೆ ಕ್ವಾರ್ಟರ್‌ಫೈನಲ್‌ನಲ್ಲೇ ಎದುರಾಗುತ್ತವೆ, ಹಾಗಾಗಿ ಎರಡನ್ನೂ ಬರೆದು ಒಂದು ಹೆಸರು ಹಾಳು ಮಾಡಿಕೊಳ್ಳಬೇಡಿ. ಸ್ಪೇನ್, ಫ್ರಾನ್ಸ್ ಹಾಗೇ ಗೆದ್ದು ಬಂದರೆ ಸೆಮಿಫೈನಲ್‌ನಲ್ಲಿ ಸಿಗುತ್ತವೆ. ಕೊನೆಯ 26ರ ಪಟ್ಟಿ ಬಂದ ಮೇಲೆ ಯಾರಿಗೆ ಗಾಯ, ಯಾರು ಇಲ್ಲ ಅಂತ ಒಮ್ಮೆ ನೋಡಿಕೊಂಡು ಬರೆಯಿರಿ. ನನ್ನ ನಾಲ್ಕು: ಸ್ಪೇನ್, ಫ್ರಾನ್ಸ್, ಪೋರ್ಚುಗಲ್, ಇಂಗ್ಲೆಂಡ್. ಗೆಲ್ಲುವುದು ಸ್ಪೇನ್.

ಬ್ರೆಜಿಲ್ ಹೆಸರು ಬರೆದಿಲ್ಲ. ಆದರೆ 14ರ ನಸುಕಿನಲ್ಲಿ ಹಳದಿ ಜರ್ಸಿ ಹಾಕಿಕೊಂಡು ಗೌತಮಪುರದಲ್ಲೇ ಇರುತ್ತೇನೆ.