6 ಮೀಟರ್ ಪೈಪು ಪಿಕಪ್‌ನಲ್ಲಿ ತರುವ ಮುಂಚೆ ಪೈಪಿನ ನಡು ಎಲ್ಲಿ ಬರುತ್ತದೆ ನೋಡಿ

ನಮಸ್ಕಾರ. 2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, 6 ಮೀಟರಿನದು 20 ತರಬೇಕು, ಪಿಕಪ್ ಬಾಡಿ ಉದ್ದ 2.4 ಮೀಟರ್, ಹಿಂದಿನ ಡೋರ್ ಇಳಿಸಿ ಕೆಂಪು ಬಟ್ಟೆ ಕಟ್ಟಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ದಯವಿಟ್ಟು ಹಾಗೆ ಹೊರಡಬೇಡಿ.

ಒಂದು ಪೈಪು ಹತ್ತಿರ ಹತ್ತಿರ 30 ಕೆಜಿ ಬರುತ್ತದೆ. 20ಕ್ಕೆ 600 ಕೆಜಿ. ಅಷ್ಟು ಭಾರ ಗಾಡಿ ತಡೆಯುತ್ತದೆ ಅಂತಲೇ ಇಟ್ಟುಕೊಳ್ಳೋಣ. ತೊಂದರೆ ಇರುವುದು ಆ ಭಾರ ಕೂರುವ ಜಾಗದಲ್ಲಿ. ಪೈಪನ್ನು ಕ್ಯಾಬಿನ್‌ಗೆ ತಾಗಿಸಿ ಮಲಗಿಸಿದರೆ ಅದರ ನಡು ಬರುವುದು 3 ಮೀಟರಿಗೆ. ನಿಮ್ಮ ಬಾಡಿ 2.4ಕ್ಕೇ ಮುಗಿಯಿತಲ್ವಾ? ಕಟ್ಟದಿದ್ದರೆ ಪೈಪು ತಾನಾಗೇ ಹಿಂದಕ್ಕೆ ಮಗುಚುತ್ತದೆ. ಬಿಗಿದು ಕಟ್ಟಿದರೆ ಗಾಡಿಯ ಮೂತಿ ಮೇಲೇಳುತ್ತದೆ. ಹಿಂದಿನ ಆಕ್ಸಲ್ (ಎರಡು ಚಕ್ರ ಕೂಡಿಸುವ ಅಡ್ಡ ದಂಡ) ಬಾಡಿಯ ಮಧ್ಯಕ್ಕಿದ್ದು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರ ಇದ್ದರೆ, ಮುಂದಿನ ಚಕ್ರಗಳ ಮೇಲೆ 360 ಕೆಜಿ ಕಡಿಮೆಯಾಗುತ್ತದೆ. ಆ 360 ಪೈಪಿನ 600ಕ್ಕೆ ಸೇರಿ ಹಿಂದಿನ ಆಕ್ಸಲ್ ಮೇಲೆ 960 ಕೆಜಿ ಕೂರುತ್ತದೆ. ಸ್ಟೇರಿಂಗ್ ತೇಲಿದ ಹಾಗೆ ಆಗುತ್ತದೆ, ಮುಂದಿನ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ನನ್ನ ಸಲಹೆ, ಅಂಗಡಿಯಲ್ಲೇ ಅರ್ಧಕ್ಕೆ ಕತ್ತರಿಸಿ ಥ್ರೆಡ್ ಹಾಕಿಸಿಬಿಡಿ. ಹೇಗೂ ಸಾಕೆಟ್ (ಎರಡು ಪೈಪು ಸೇರಿಸುವ ತುಂಡು) ಹಾಕಿಯೇ ಜೋಡಿಸುವುದಲ್ವಾ? 3 ಮೀಟರ್ ಪೈಪಿನ ನಡು ಆಕ್ಸಲ್‌ನಿಂದ 30 ಸೆಂಟಿಮೀಟರ್ ಮಾತ್ರ ಹಿಂದೆ ಬರುತ್ತದೆ. ಅದೇ 600 ಕೆಜಿಗೆ ಮುಂದಿನ ಚಕ್ರದ ಮೇಲೆ ಕಡಿಮೆಯಾಗುವುದು 60 ಕೆಜಿ ಅಷ್ಟೆ. ಕತ್ತರಿಸುವ ಹಾಗೇ ಇಲ್ಲ ಅಂದರೆ ಉದ್ದ ಬಾಡಿಯ ಗಾಡಿ ಬಾಡಿಗೆಗೆ ತೆಗೆದುಕೊಳ್ಳಿ. ಕ್ಯಾಬಿನ್ ಮೇಲೆ ಕ್ಯಾರಿಯರ್ ಇದ್ದರೆ ನಾಲ್ಕೈದು ಪೈಪು ತರಬಹುದು, 20 ಬೇಡ.

ಕಟ್ಟುವ ವಿಷಯ. ಒಮ್ಮೆ ನಾನು ಪೈಪಿನ ಕಟ್ಟಿನ ಮೇಲೆ ಸುಮ್ನೆ ಎರಡು ಕಡೆ ಹಗ್ಗ ಹಾಯಿಸಿ ಬಿಗಿದು ಹೊರಟಿದ್ದೆ. ಜೋರಾಗಿ ಬ್ರೇಕ್ ಹಾಕಬೇಕಾಯಿತು. ಹೊರಗಿನ ಪೈಪುಗಳು ಅಲುಗಲಿಲ್ಲ. ಮಧ್ಯದ ಒಂದೇ ಒಂದು ಪೈಪು ಬಾಣದ ಹಾಗೆ ಜಾರಿ ಬಂದು ಕ್ಯಾಬಿನ್‌ನ ಹಿಂದಿನ ಗಾಜು ಒಡೆದು, ಸೀಟಿಗೆ ತಾಗಿ ನಿಂತಿತು. ಆ ಸೀಟಿನಲ್ಲಿ ಅವತ್ತು ಯಾರೂ ಇರಲಿಲ್ಲ. ಹಗ್ಗ ಹಿಡಿಯುವುದು ಹೊರಗಿನ ಸುತ್ತನ್ನು, ಒಳಗಿನ ನುಣುಪು ಪೈಪನ್ನು ಯಾರೂ ಹಿಡಿದಿರುವುದಿಲ್ಲ. ಹಾಗಾಗಿ ಈಗ ಮೊದಲು ಕಟ್ಟಿನ ಸುತ್ತ ಎರಡು ಸುತ್ತು ಬೆಲ್ಟ್ ಹಾಕಿ ಬಿಗಿಯುತ್ತೇನೆ, ಆಮೇಲೆ ಆ ಕಟ್ಟನ್ನು ಗಾಡಿಯ ಬಾಡಿಗೆ ಸೇರಿಸಿ ಬಿಗಿಯುತ್ತೇನೆ. ಮುಂದೆ ದಪ್ಪ ಹಲಗೆ ಅಡ್ಡ ನಿಲ್ಲಿಸುತ್ತೇನೆ. ನೈಲಾನ್ ಹಗ್ಗ ನೆನೆದರೆ ಸಡಿಲ ಬೀಳುತ್ತದೆ, ರ‍್ಯಾಚೆಟ್ ಬೆಲ್ಟೇ (ಹಿಡಿ ಆಡಿಸಿ ಹಲ್ಲುಚಕ್ರದಿಂದ ಬಿಗಿಯುವ ಪಟ್ಟಿ) ವಾಸಿ. ಬೆಲ್ಟಿನ ಚೀಟಿಯಲ್ಲಿ ತುಂಡಾಗುವ ಭಾರ ಬೇರೆ, ಕೆಲಸಕ್ಕೆ ಬಳಸಬಹುದಾದ ಭಾರ ಬೇರೆ ಇರುತ್ತದೆ. ಎರಡನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ. ಎಲ್ಲಾ ಬೆಲ್ಟು ಸೇರಿ ಲೋಡಿನ ಅರ್ಧದಷ್ಟಾದರೂ ತಡೆಯಬೇಕು. ಅದಕ್ಕಿಂತ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಕಾನೂನಿನ ವಿಷಯಕ್ಕೆ ಬಂದರೆ, ಕೆಂಪು ಬಟ್ಟೆ ಹಿಂದೆ ಬರುವವರಿಗೆ ಎಚ್ಚರಿಕೆ ಅಷ್ಟೆ, ಪರವಾನಗಿ ಅಲ್ಲ. ಎಷ್ಟು ಹೊರಗೆ ಚಾಚಬಹುದು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಸ್ವಲ್ಪವೂ ಚಾಚುವ ಹಾಗಿಲ್ಲ. ಹೊರಡುವ ಮೊದಲು ನಿಮ್ಮ ಸಾರಿಗೆ ಕಚೇರಿಯಲ್ಲಿ ಕೇಳಿ. ಕತ್ತಲಲ್ಲಿ ಬಟ್ಟೆ ಕಾಣುವುದಿಲ್ಲ, ಕೆಂಪು ದೀಪವೇ ಬೇಕು. ಡೋರ್ ಇಳಿಸಿದಾಗ ನಂಬರ್ ಪ್ಲೇಟ್, ಹಿಂದಿನ ದೀಪ ಮರೆಯಾಗುತ್ತವಾ ಅಂತಲೂ ನೋಡಿಕೊಳ್ಳಿ.

ತಿರುವಿನಲ್ಲಿ ಹಿಂದೆ ಚಾಚಿದ ತುದಿ ಎದುರು ಬದಿಗೆ ಬೀಸುತ್ತದೆ. ಬೈಕಿನವರು ಪಕ್ಕದಲ್ಲೇ ಇರುತ್ತಾರೆ, ನಿಧಾನವಾಗಿ ತಿರುಗಿಸಿ. 5 ಕಿ.ಮೀ. ಹೋದ ಮೇಲೆ ಒಮ್ಮೆ ಇಳಿದು ಬೆಲ್ಟ್ ಮತ್ತೆ ಬಿಗಿಯಿರಿ, ಅಷ್ಟರಲ್ಲಿ ಲೋಡ್ ಕುಳಿತು ಸಡಿಲವಾಗಿರುತ್ತದೆ.

ಗಾಡಿ ದಾಖಲೆಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತವೆ, ಅವನ್ನು ನೋಡಿ ತಿಳಿಸಿ. ಜೊತೆಗೆ ಎಷ್ಟು ಜನ ಬರುತ್ತೀರಿ ಅಂತಲೂ ಹೇಳಿ, ಅವರ ಭಾರವೂ ಲೋಡಿಗೇ ಸೇರುತ್ತದೆ. ಒಂದು ಸಲಕ್ಕೆ ಎಷ್ಟು ಪೈಪು ಹಾಕಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.