ಡು, ಮೇಕ್, ಟೇಕ್: ಯಾವ ಪದದ ಜೊತೆ ಯಾವುದು?

"ಡು ಹೋಂವರ್ಕ್ ಸರಿ, ಡು ಎ ಮಿಸ್ಟೇಕ್ ತಪ್ಪು. ಎರಡೂ 'ಮಾಡು' ತಾನೇ? ಯಾವುದಕ್ಕೆ ಯಾವುದು ಜೊತೆ ಅಂತ ತಿಳಿಯೋದು ಹೇಗೆ?" ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಬಂದಾಗ ಖುಷಿಯಾಗುತ್ತದೆ, ಯಾಕೆಂದರೆ ಕೇಳಿದ ಮಗು ಪದಗಳನ್ನು ಗಮನಿಸೋಕೆ ಶುರು ಮಾಡಿದೆ ಅಂತ ಅರ್ಥ.

ಮೊದಲು ಕನ್ನಡವನ್ನೇ ನೋಡಿ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂವು ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಹೂವು ಉಟ್ಟೆ ಅಂದರೆ ಚಿಕ್ಕ ಮಕ್ಕಳೂ ನಗುತ್ತಾರೆ. ಈ ನಿಯಮವನ್ನು ನಮಗೆ ಯಾರೂ ಪಾಠ ಮಾಡಿಲ್ಲ, ಕೇಳಿ ಕೇಳಿ ಬಂದದ್ದು. ಇಂಗ್ಲಿಷಿನಲ್ಲಿ ಇಷ್ಟಕ್ಕೂ 'ವೇರ್' ಒಂದೇ ಸಾಕು. 'ಮಾಡು' ವಿಷಯದಲ್ಲಿ ಮಾತ್ರ ಉಲ್ಟಾ. ತಪ್ಪಿಗೆ ಮೇಕ್, ಹೋಂವರ್ಕಿಗೆ ಡು, ಸ್ನಾನಕ್ಕೆ ಟೇಕ್, ಊಟಕ್ಕೆ ಹ್ಯಾವ್. ಹೀಗೆ ಜೋಡಿಯಾಗಿಯೇ ಓಡಾಡುವ ಪದಗಳಿಗೆ ಕೊಲೊಕೇಶನ್ ಅನ್ನುತ್ತಾರೆ. 1950ರ ದಶಕದಲ್ಲಿ ಜೆ. ಆರ್. ಫರ್ತ್ ಅನ್ನೋ ಇಂಗ್ಲೆಂಡಿನ ಭಾಷಾವಿಜ್ಞಾನಿಯಿಂದ ಈ ಹೆಸರು ಹೆಚ್ಚು ಬಳಕೆಗೆ ಬಂತು.

ಡು, ಮೇಕ್ ಬಗ್ಗೆ ಒಂದು ಸುಳಿವು ಇದೆ. ಮಾಡಿ ಮುಗಿಸುವ ಕೆಲಸಕ್ಕೆ ಸಾಮಾನ್ಯವಾಗಿ ಡು, ಮಾಡಿದ್ದರಿಂದ ಹೊಸದೇನೋ ಹುಟ್ಟಿದರೆ ಮೇಕ್. ಇದು ಅರ್ಧ ದಾರಿ ಕರೆದುಕೊಂಡು ಹೋಗುತ್ತದೆ ಅಷ್ಟೇ. 'ಮೇಕ್ ಎ ಫೋನ್ ಕಾಲ್' ಇದಕ್ಕೆ ಸರಿಯಾಗಿ ಕೂರಲ್ಲ. 'ಮೇಕ್ ಎ ಡಿಸಿಷನ್', 'ಟೇಕ್ ಎ ಡಿಸಿಷನ್' ಎರಡೂ ಸರಿ.

ನನಗೆ 'ಮಾಡು'ಗಿಂತ 'ಜೋರು' ಜಾಸ್ತಿ ಇಷ್ಟದ ಪಾಠ. ಒಂದು ಜುಲೈಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅಂಚೆಲ್ಲ ನೆನೆದ ನೋಟ್‌ಬುಕ್ ತಂದು ತೋರಿಸಿದಳು. 'ಬಿಗ್ ರೇನ್ ಕೇಮ್, ಬಿಗ್ ವಿಂಡ್ ಕೇಮ್, ಬ್ರದರ್ ಗಾಟ್ ಬಿಗ್ ಫೀವರ್' ಅಂತ ಬರೆದಿದ್ದಳು. ಮನಸ್ಸಿನಲ್ಲಿ ಇದ್ದದ್ದು ಜೋರು ಮಳೆ, ಜೋರು ಗಾಳಿ, ಜೋರು ಜ್ವರ. ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ಜೋರು ಸಾಕು, ಅಲ್ವಾ? ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ಸದ್ದು ಲೌಡ್. ಕೆಂಪು ಇಂಕಿನಲ್ಲಿ ಗೀಚದೆ ಅವಳ ಮನೆಯದೇ ಸುದ್ದಿಯನ್ನು ಇಬ್ಬರೂ ಕೂತು ಮತ್ತೆ ಬರೆದೆವು. 'ದೇರ್ ವಾಸ್ ಹೆವಿ ರೇನ್ ಲಾಸ್ಟ್ ನೈಟ್. ಎ ಸ್ಟ್ರಾಂಗ್ ವಿಂಡ್ ಬ್ರಾಟ್ ಡೌನ್ ಎ ಸಿಲ್ವರ್ ಓಕ್. ವಿ ಹರ್ಡ್ ಎ ಲೌಡ್ ನಾಯ್ಸ್. ಮೈ ಬ್ರದರ್ ಹ್ಯಾಡ್ ಎ ಹೈ ಫೀವರ್.' ಆ ನಾಲ್ಕು ಜೋಡಿ ಅವಳಿಗೆ ಮತ್ತೆ ತಪ್ಪಲಿಲ್ಲ.

ಅದಕ್ಕೇ ಹೇಳುತ್ತೇನೆ, ಬರೀ ಪದ ಬರೆದುಕೊಳ್ಳಬೇಡಿ. 'ರೇನ್' ಅಂದರೆ ಮಳೆ ಅಂತ ಬರೆದರೆ ಏನೂ ಆಗಲ್ಲ. 'ಹೆವಿ ರೇನ್' ಅಂತ ಜೋಡಿ ಬರೆದು, ಕೆಳಗೆ ನಿಮ್ಮ ಊರಿನ ಒಂದು ವಾಕ್ಯ ಬರೆಯಿರಿ. ಅನುಮಾನ ಬಂದರೆ ನೋಡೋಕೆ ಇದಕ್ಕಂತಲೇ ನಿಘಂಟು ಇದೆ, 2002ರಲ್ಲಿ ಆಕ್ಸ್‌ಫರ್ಡ್‌ನವರು ತಂದದ್ದು. ಅದರಲ್ಲಿ ಅರ್ಥದ ಬದಲು ಆ ಪದದ ಜೊತೆಗಾರರು ಸಿಗುತ್ತಾರೆ.

ನಿಮ್ಮ ಸುತ್ತಮುತ್ತ ಆಗಲೇ ಇರುವ ಜೋಡಿಗಳನ್ನೂ ಹುಡುಕಿ. ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ತೋಟದವರು 'ಬ್ಲಾಸಂ ಶವರ್' ಅನ್ನುತ್ತಾರೆ. 'ಫ್ಲವರ್ ರೇನ್' ಅಂತ ಯಾರ ಬಾಯಲ್ಲೂ ಕೇಳಿಲ್ಲ. ಮಳೆಗಾಲದಲ್ಲಿ ಶಾಲೆಗೆ ರಜೆ ಸಿಕ್ಕಾಗ ಇಂಗ್ಲಿಷ್ ಪೇಪರಿನಲ್ಲಿ 'ಡಿಕ್ಲೇರ್ಡ್ ಎ ಹಾಲಿಡೇ' ಅಂತ ಬರುತ್ತದೆ. ಅದನ್ನು ಕತ್ತರಿಸಿ ಒಮ್ಮೆ ಗೋಡೆಗೆ ಅಂಟಿಸಿದ್ದೆ. 'ರಜೆ ಕೊಡು' ಅನ್ನೋದನ್ನು 'ಗಿವ್ ಹಾಲಿಡೇ' ಅಂತಲೇ ಬರೆಯುತ್ತಿದ್ದ ಮಕ್ಕಳು ಆ ವಾರವೇ 'ಡಿಕ್ಲೇರ್' ಸ್ಪೆಲಿಂಗ್ ಸಮೇತ ಕಲಿತರು.